ಹದಿನೆಂಟು ನಿಮಿಷದ ಸಾಧನೆ: ಕೆಲಸಕ್ಕೆ ಹೋಗುವವರ ಬೆಳಗಿನ ಗಾಯನ ತರಗತಿಯೊಂದರ ವಿಮರ್ಶೆ

ಬೆಂಗಳೂರಿನ ಹನುಮಂತನಗರದ ಅಡ್ಡರಸ್ತೆಯೊಂದರಲ್ಲಿ, ಎರಡನೇ ಮಹಡಿಯ ಮನೆಯ ಮುಂಗೋಣೆಯಲ್ಲಿ, ಕೆಲಸಕ್ಕೆ ಹೋಗುವವರಿಗೆಂದೇ ನಡೆಯುವ ಕರ್ನಾಟಕ ಸಂಗೀತದ ಗಾಯನ ತರಗತಿಗೆ ನಾನು ಸೇರಿ 11 ತಿಂಗಳಾದವು. ವಾರಕ್ಕೆ ಎರಡು ದಿನ, ಬೆಳಿಗ್ಗೆ 6.10ರಿಂದ 6.55ರವರೆಗೆ ಪಾಠ, ತಂಡವೊಂದರಲ್ಲಿ ಹೆಚ್ಚೆಂದರೆ ಐದು ಜನ, ತಿಂಗಳಿಗೆ 1,800 ರೂಪಾಯಿ ಶುಲ್ಕ. ನಡೆಸುವವರು ಅರವತ್ತು ದಾಟಿದ ಶಿಕ್ಷಕಿ. ಮನೆಯ ಮುಂದೆ ಫಲಕವಿಲ್ಲ, ಜಾಹೀರಾತೂ ಇಲ್ಲ. ಗೊತ್ತಿದ್ದವರು ಕರೆತಂದರೆ ಮಾತ್ರ ಸೇರಿಸಿಕೊಳ್ಳುತ್ತಾರೆ. ಹೆಸರು ಹಾಕಬಾರದೆಂದು ಅವರು ಕೇಳಿಕೊಂಡಿರುವುದರಿಂದ ಇಲ್ಲಿ ಹಾಕಿಲ್ಲ. ಇಂಥ ತರಗತಿಯನ್ನು ಹುಡುಕುತ್ತಿರುವವರಿಗೆ ಸೇರುವ ಮೊದಲು ಏನೇನು ವಿಚಾರಿಸಬೇಕೆಂಬುದು ತಿಳಿದರೆ ಈ ಬರಹದ ಕೆಲಸ ಆದಂತೆ.

ನನ್ನ ವಿಷಯವನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಯಾವ ಅಳತೆಯಲ್ಲಿ ಓದಬೇಕೆಂಬುದು ಸ್ಪಷ್ಟವಾಗುತ್ತದೆ. ನನಗೆ 43 ವರ್ಷ. ತೀರ್ಥಹಳ್ಳಿಯಲ್ಲಿ ಶಾಲೆಗೆ ಹೋಗುತ್ತಿದ್ದಾಗ ವರ್ಣಗಳವರೆಗೆ, ಅಂದರೆ ಆರಂಭದ ವರಸೆಗಳನ್ನು ದಾಟಿದ ಮೇಲಿನ ಪಾಠದವರೆಗೆ ಕಲಿತು, ಪಿಯುಸಿಯ ವರ್ಷ ಬಿಟ್ಟವಳು. ಈಗ ಪೀಣ್ಯದ ಬ್ಯಾಂಕ್ ಶಾಖೆಯೊಂದರ ಕೌಂಟರಿನಲ್ಲಿ ಕೂರುತ್ತೇನೆ. ಗಾಜಿನ ಆಚೆ ನಿಂತವರಿಗೆ ಕೇಳಿಸುವಂತೆ ದಿನಕ್ಕೆ ಐದಾರು ಗಂಟೆ ಮಾತನಾಡುವುದೇ ನನ್ನ ಕೆಲಸದ ದೊಡ್ಡ ಭಾಗ. ಮನೆಯಲ್ಲಿ ಒಂಬತ್ತನೇ ತರಗತಿಯ ಮಗ, ಸಕ್ಕರೆ ಕಾಯಿಲೆಯಿರುವ ಅತ್ತೆ, ಬೆಳಿಗ್ಗೆ ಎಂಟರೊಳಗೆ ಕಟ್ಟಬೇಕಾದ ಮೂರು ಡಬ್ಬಿಗಳು. ಕಂಠವನ್ನು ಮತ್ತೆ ತಿದ್ದಿಕೊಳ್ಳಬೇಕೆಂಬ ಆಸೆ ಹತ್ತು ವರ್ಷಗಳಿಂದ ಇತ್ತು. ಅಷ್ಟೂ ವರ್ಷ ಸಂಜೆಯಲ್ಲಿ ಒಂದು ಗಂಟೆ ಬಿಡುವಾಗಲಿ ಎಂದು ಕಾದಿದ್ದೆ. ಆ ಗಂಟೆ ಬರಲಿಲ್ಲ. ಬಂದಿದ್ದರೂ ದಿನವಿಡೀ ದುಡಿದ ಗಂಟಲಿಗೆ ಅದರಿಂದ ಅಷ್ಟೇನೂ ಆಗುತ್ತಿರಲಿಲ್ಲ ಎಂಬುದು ಇಲ್ಲಿಗೆ ಬಂದ ಮೇಲೆ ತಿಳಿಯಿತು.

ಇದಕ್ಕೆ ಮೊದಲು ಎರಡು ಪ್ರಯತ್ನಗಳನ್ನು ಮಾಡಿ ಹಣ ಕಳೆದುಕೊಂಡಿದ್ದೆ. ಮೊದಲನೆಯದು ಸಂಜೆ ಏಳರ ತರಗತಿ. ಹದಿನಾಲ್ಕು ಜನ ಒಟ್ಟಿಗೆ ಒಂದೇ ಶ್ರುತಿಯಲ್ಲಿ, ಅಂದರೆ ಷಡ್ಜವನ್ನು (‘ಸ’) ಒಂದೇ ಎತ್ತರದಲ್ಲಿ ಹಿಡಿದು ಹಾಡಬೇಕಿತ್ತು, ಗಂಡಸರು ಕೆಳಗೆ ಗೊಣಗುತ್ತಿದ್ದರು, ಹೆಂಗಸರಲ್ಲಿ ಅರ್ಧದಷ್ಟು ಮಂದಿ ಮೇಲಿನ ಷಡ್ಜಕ್ಕೆ ಬಾಯಿ ಮಾತ್ರ ಆಡಿಸುತ್ತಿದ್ದೆವು. ಎರಡನೆಯದು ಹಾಡಿದ್ದನ್ನು ಕೇಳಿ ಅಂಕ ಕೊಡುವ ಮೊಬೈಲ್ ಆ್ಯಪ್. ಸ್ವರ ನೇರವಾಗಿ ನಿಂತರೆ ಅದಕ್ಕೆ ಸಂತೋಷ. ತೋಡಿ ರಾಗದ ಗಾಂಧಾರವನ್ನು (‘ಗ’) ಹಾಡಬೇಕಾದ ರೀತಿಯಲ್ಲಿ ತೂಗಿಸಿ ಹಾಡಿದರೆ ಗೆರೆ ಕೆಂಪಾಗಿ ನೂರಕ್ಕೆ ಐವತ್ತರ ಸುತ್ತ ಅಂಕ ಬರುತ್ತಿತ್ತು. ಹೀಗೆ ಸ್ವರವನ್ನು ತೂಗಿಸುವ ಗಮಕವನ್ನು ತಪ್ಪೆಂದು ಎಣಿಸುವ ಪರೀಕ್ಷಕನ ಮುಂದೆ ಮೂರು ತಿಂಗಳು ಕೂತೆನಲ್ಲ ಎಂದು ಈಗಲೂ ನನ್ನ ಮೇಲೇ ಸಿಟ್ಟು ಬರುತ್ತದೆ.

ಹನುಮಂತನಗರದ ಈ ತರಗತಿಯಲ್ಲಿ ಮೊದಲ ದಿನ ಹಾಡಿಸಲೇ ಇಲ್ಲ. ಇಪ್ಪತ್ತು ನಿಮಿಷ ಕೂರಿಸಿಕೊಂಡು, ಒಂದರಿಂದ ಇಪ್ಪತ್ತರವರೆಗೆ ಮಾತಿನ ಧ್ವನಿಯಲ್ಲಿ ಎಣಿಸಲು ಹೇಳಿದರು. ಆ ದಿನದ ಪತ್ರಿಕೆಯಿಂದ ನಾಲ್ಕು ಸಾಲು ಓದಿಸಿದರು. ಬಾಯಿ ಮುಚ್ಚಿ ‘ಉಂ’ ಎಂದು ಗುನುಗಲು ಹೇಳಿ, ಅದನ್ನು ಮೆಲ್ಲಗೆ ಕೆಳಗಿಳಿಸಿ ಎಂದರು. ಆಮೇಲೆ ಕೇಳಿದ ಪ್ರಶ್ನೆಗಳೆಲ್ಲ ನನ್ನ ಉದ್ಯೋಗದ ಬಗ್ಗೆ. ದಿನಕ್ಕೆ ಎಷ್ಟು ಹೊತ್ತು ಮಾತನಾಡುತ್ತೀರಿ, ಕೌಂಟರಿನಲ್ಲಿ ಮೈಕ್ ಇದೆಯೇ, ಎ.ಸಿ. ಗಾಳಿ ಮುಖಕ್ಕೆ ಬಡಿಯುತ್ತದೆಯೇ, ಊಟ ಎಷ್ಟು ಹೊತ್ತಿಗೆ, ರಾತ್ರಿ ಹುಳಿತೇಗು ಬರುತ್ತದೆಯೇ ಎಂದು ಒಂದೊಂದಾಗಿ ವಿಚಾರಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ನನ್ನ ಜೊತೆ ಅದೇ ದಿನ ಬಂದಿದ್ದ ಶಾಲಾ ಶಿಕ್ಷಕಿಯೊಬ್ಬರ ಧ್ವನಿ ಒಂದು ತಿಂಗಳಿನಿಂದ ಒಡೆದಿತ್ತು. ಮೂರು ವಾರ ದಾಟಿದ ಗೊಗ್ಗರು ಧ್ವನಿಯನ್ನು ಕಿವಿ, ಮೂಗು, ಗಂಟಲಿನ ವೈದ್ಯರು ನೋಡದೆ ತಾವು ಮುಟ್ಟುವುದಿಲ್ಲವೆಂದು ಹೇಳಿ, ಶುಲ್ಕ ತೆಗೆದುಕೊಳ್ಳದೆ ಅವರನ್ನು ಕಳುಹಿಸಿದರು. ಹಣ ಕೊಡುತ್ತೇನೆಂದು ಬಂದವರನ್ನು ಹಿಂದಕ್ಕೆ ಕಳುಹಿಸುವ ಜಾಗದ ಮೇಲೆ ನನಗೆ ನಂಬಿಕೆ ಹುಟ್ಟಿದ್ದು ಆಗಲೇ.

ಬಾಲ್ಯದಲ್ಲಿ ನಾನು ಆರು ಮನೆ ಶ್ರುತಿಯಲ್ಲಿ ಹಾಡುತ್ತಿದ್ದೆ. ಹಾರ್ಮೋನಿಯಂನ ಬಿಳಿ ಒಂದರಿಂದ ಎಣಿಸಿದರೆ ಆರನೆಯ ಬಿಳಿ ಮನೆ ನನ್ನ ಷಡ್ಜ. ಇವರು ಅದನ್ನು ಐದು ಮನೆಗೆ ಇಳಿಸಿದರು. ವಯಸ್ಸಿನೊಂದಿಗೆ ಹೆಂಗಸರ ಧ್ವನಿ ಕೆಳಗಿಳಿಯುವುದು ಸಹಜವೆಂದು ಗೊತ್ತಿದ್ದರೂ, ಹುಡುಗಿಯಾಗಿದ್ದಾಗಿನ ಶ್ರುತಿಯನ್ನು ಬಿಟ್ಟುಕೊಡುವುದಕ್ಕೆ ನನಗೆ ಮನಸ್ಸಿರಲಿಲ್ಲ. “ಮೇಡಂ, ಆರಕ್ಕೆ ಏರುತ್ತೆ, ಅಭ್ಯಾಸ ತಪ್ಪಿದೆ ಅಷ್ಟೇ” ಎಂದೆ. “ಏರುತ್ತೆ, ಇಲ್ಲ ಅನ್ನಲ್ಲ. ಆದರೆ ಏರಿದ ಮೇಲೆ ಅಲ್ಲಿ ನಿಮಗೇನು ಕೆಲಸ ಇದೆ ಹೇಳಿ? ಕೆಳಗಿನ ಪಂಚಮ ಕೇಳಿಸಲಿ ಮೊದಲು” ಎಂದರು. ಗಂಡಸರಿಗೆ ಸಾಮಾನ್ಯವಾಗಿ ಒಂದು ಅಥವಾ ಒಂದೂವರೆ ಮನೆ (ಅರ್ಧವೆಂದರೆ ನಡುವಿನ ಕಪ್ಪು ಮನೆ), ಹೆಂಗಸರಿಗೆ ಐದರಿಂದ ಆರು ಮನೆ ಎಂಬ ರೂಢಿಯ ಲೆಕ್ಕವನ್ನು ಅವರು ಪೂರ್ತಿ ಪಾಲಿಸುವುದಿಲ್ಲ. ನಾಲ್ಕೂವರೆಯ ಹೆಂಗಸರೂ ಎರಡರ ಗಂಡಸರೂ ಅವರಲ್ಲಿ ಕಲಿಯುತ್ತಿದ್ದಾರೆ.

ಈ ತರಗತಿಯ ಅತ್ಯಂತ ವಿಶಿಷ್ಟ ಏರ್ಪಾಡೂ ಇದಕ್ಕೆ ಅಂಟಿಕೊಂಡದ್ದೇ. ಬೇರೆ ಕಡೆ ಪಾಠದ ಮಟ್ಟ ನೋಡಿ ತಂಡ ಮಾಡುತ್ತಾರೆ, ಇಲ್ಲಿ ಶ್ರುತಿ ನೋಡಿ ಮಾಡುತ್ತಾರೆ. ಹಾಗಾಗಿ ವರ್ಣ ಹಾಡಿದ್ದ ನಾನು, ಮೊಟ್ಟಮೊದಲ ಪಾಠವಾದ ಸರಳೆ ವರಸೆಯನ್ನು ಆಗಷ್ಟೇ ಹಿಡಿದಿದ್ದ ಇಪ್ಪತ್ತೈದರ ಹುಡುಗಿಯೊಬ್ಬಳ ಪಕ್ಕದಲ್ಲಿ ಕೂತು, ‘ಸರಿಗಮ ಪದನಿಸ’ದಿಂದ ಮತ್ತೆ ಹೊರಟೆ. ಮೊದಲ ತಿಂಗಳು ಇದು ಅವಮಾನವೆಂದೇ ಅನಿಸಿತು. ಆದರೆ ಮಾಯಾಮಾಳವಗೌಳವೆಂಬ ಏಳು ಸ್ವರಗಳ ಮೇಳವನ್ನು (ಮೂಲರಾಗವನ್ನು) ಆರಂಭದ ಪಾಠಕ್ಕೆ ಇಟ್ಟದ್ದರ ಹಿಂದಿನ ಜಾಣತನ ನನಗೆ ತಿಳಿದದ್ದು ಈ ವಯಸ್ಸಿನಲ್ಲಿ. ಈ ಪಾಠಕ್ರಮವನ್ನು ಪುರಂದರದಾಸರು (1484–1564) ರೂಪಿಸಿದರೆಂಬುದು ಪರಂಪರೆಯ ನಂಬಿಕೆ. ಷಡ್ಜದ ಮಗ್ಗುಲಲ್ಲೇ ಶುದ್ಧ ರಿಷಭ, ಪಂಚಮದ ಮಗ್ಗುಲಲ್ಲೇ ಶುದ್ಧ ಧೈವತ. ಕೆಳಗಿನ ಅರ್ಧದಲ್ಲಿ ಸ್ವರಗಳ ನಡುವೆ ಯಾವ ಅಂತರಗಳಿವೆಯೋ ಮೇಲಿನ ಅರ್ಧದಲ್ಲಿಯೂ ಅವೇ. ಒಂದು ಅರ್ಧ ಕಂಠಕ್ಕೆ ಕೂತರೆ ಇನ್ನೊಂದರ ಅಳತೆ ತಾನಾಗಿ ಸಿಗುತ್ತದೆ, ಮತ್ತು ತಪ್ಪಿದರೆ ಅಂತರ ಕಿರಿದಾಗಿರುವುದರಿಂದ ತಪ್ಪು ಕೂಡಲೇ ಕಿವಿಗೆ ಚುಚ್ಚುತ್ತದೆ. ಹುಡುಗಿಯಾಗಿದ್ದಾಗ ವೇಗದ ಮೂರನೇ ಕಾಲದಲ್ಲಿ ಓಡಿಸಿಬಿಟ್ಟಿದ್ದ ವರಸೆಗಳನ್ನು ನಿಧಾನದ ಒಂದನೇ ಕಾಲದಲ್ಲಿ, ಅಕಾರದಲ್ಲಿ (ಸ್ವರದ ಹೆಸರಿಲ್ಲದೆ ‘ಆ’ ಎಂದು) ಹಾಡಿಸಿದಾಗ, ನನ್ನ ರಿಷಭ ಎಷ್ಟೋ ವರ್ಷಗಳಿಂದ ಸ್ವಲ್ಪ ಮೇಲೆಯೇ ಕೂತಿದೆ ಎಂಬುದು ಬಯಲಾಯಿತು.

ಮನೆಯ ಸಾಧನೆಗೆ ಇವರು ಕೊಡುವ ಅವಧಿ ದಿನಕ್ಕೆ 18 ನಿಮಿಷ. ಆರು ನಿಮಿಷ ಮಂದ್ರ ಸಾಧನೆ, ಅಂದರೆ ತಂಬೂರಿಯೊಂದಿಗೆ ಷಡ್ಜದಿಂದ ಕೆಳಗಿನ ನಿಷಾದ, ಧೈವತ, ಪಂಚಮಗಳಿಗೆ ಇಳಿದು ಒಂದೊಂದು ಸ್ವರದಲ್ಲಿ ಉಸಿರು ಮುಗಿಯುವವರೆಗೆ ನಿಲ್ಲುವುದು. ಆರು ನಿಮಿಷ ಸರಳೆ ವರಸೆ ಅಥವಾ ಸ್ವರಗಳನ್ನು ಜೋಡಿಯಾಗಿ ಹಾಡುವ ಜಂಟಿ ವರಸೆ, ಎರಡು ಕಾಲಗಳಲ್ಲಿ, ಒಮ್ಮೆ ಸ್ವರವಾಗಿ ಒಮ್ಮೆ ಅಕಾರವಾಗಿ. ಉಳಿದ ಆರು ನಿಮಿಷ ನಮಗೆ ಇಷ್ಟವಾದ ಯಾವುದೇ ಹಾಡು, ಸಿನಿಮಾ ಹಾಡಾದರೂ ಅಡ್ಡಿಯಿಲ್ಲ. ಇಪ್ಪತ್ತು ನಿಮಿಷ ಏಕಲ್ಲ ಎಂದು ಕೇಳಿದ್ದಕ್ಕೆ, “ಇಪ್ಪತ್ತು ಅಂದರೆ ನೀವು ಅರ್ಧ ಗಂಟೆ ಬಿಡುವಾಗಲಿ ಅಂತ ಕಾಯ್ತೀರಿ. ಹದಿನೆಂಟಕ್ಕೆ ಯಾರೂ ಕಾಯಲ್ಲ” ಎಂದರು. ವೇಳೆ ಮಾತ್ರ ಬದಲಾಗಕೂಡದು. ಬೆಳಿಗ್ಗೆ ಎಂದರೆ ಬೆಳಿಗ್ಗೆಯೇ. ತಪ್ಪಿದ ದಿನದ ಪಾಲನ್ನು ಭಾನುವಾರ ಒಟ್ಟಿಗೆ ತೀರಿಸುವಂತಿಲ್ಲ. ಬಾಕಿಯನ್ನು ಮುಂದಿನ ತಿಂಗಳಿಗೆ ಎಳೆದು ಸರಿಮಾಡುವುದೇ ವೃತ್ತಿಯಾಗಿರುವ ನನಗೆ ಈ ನಿಯಮ ಒಗ್ಗಲು ಬಹಳ ದಿನ ಹಿಡಿಯಿತು.

ನನ್ನ ಹದಿನೆಂಟು ನಿಮಿಷ ಸಿಕ್ಕಿದ್ದು 5.35ರಿಂದ 5.53ರವರೆಗೆ, ಕುಕ್ಕರ್ ಇಡುವ ಮೊದಲು. ಎಲ್ಲಿ ಹಾಡುವುದೆಂಬುದು ಅದಕ್ಕಿಂತ ಕಷ್ಟದ ಪ್ರಶ್ನೆಯಾಯಿತು. ಬಚ್ಚಲುಮನೆಯಲ್ಲಿ ಹಾಡುವುದನ್ನು ಶಿಕ್ಷಕಿ ಮೊದಲೇ ನಿಷೇಧಿಸಿದ್ದರು. ಅಲ್ಲಿನ ಪ್ರತಿಧ್ವನಿ ಎಲ್ಲರನ್ನೂ ವಿದ್ವಾಂಸರನ್ನಾಗಿ ಮಾಡಿಬಿಡುತ್ತದೆ, ಸ್ವರ ಅಲುಗಿದ್ದು ಗೊತ್ತಾಗುವುದಿಲ್ಲ. ನಡುಮನೆಯಲ್ಲಿ ಹಾಡಿದರೆ ಅತ್ತೆಗೆ ಎಚ್ಚರ, ಮೇಲಿನ ಮನೆಯವರಿಗೆ ಕಿರಿಕಿರಿ. ಕೊನೆಗೆ ಅಕ್ಕಿಚೀಲ, ಹಾಸಿಗೆಗಳನ್ನು ಇಡುವ ಸಣ್ಣ ಕೋಣೆಯೇ ಗತಿಯಾಯಿತು. ಹಾಸಿಗೆಗಳು ಸದ್ದನ್ನು ಹೀರಿಕೊಳ್ಳುವುದರಿಂದ ಪಕ್ಕದ ಮನೆಗೆ ಕೇಳಿಸುವುದಿಲ್ಲ, ನನ್ನ ಧ್ವನಿ ಯಾವ ಅಲಂಕಾರವೂ ಇಲ್ಲದೆ ನನಗೇ ಕೇಳಿಸುತ್ತದೆ. ಮೊದಲ ವಾರ ಅದನ್ನು ಕೇಳುವುದಕ್ಕೆ ಧೈರ್ಯ ಬೇಕಾಯಿತು ಎಂಬುದನ್ನೂ ಹೇಳಬೇಕು.

ತಂಬೂರಿಗೆ ಮೊಬೈಲ್ ಸಾಕು ಎಂದು ಭಾವಿಸಿದ್ದೆ. ಫೋನಿನ ಪುಟ್ಟ ಸ್ಪೀಕರ್ ಕೆಳಗಿನ ಸ್ವರಗಳನ್ನು ಸರಿಯಾಗಿ ನುಡಿಸಲಾರದು. ಒಂದು ಮನೆಯ ಗಂಡಸರ ಷಡ್ಜ ಸೆಕೆಂಡಿಗೆ ಸುಮಾರು 131 ಕಂಪನ, ಐದು ಮನೆಯ ನನ್ನ ಷಡ್ಜ 196, ಮಂದ್ರ ಪಂಚಮ ಸುಮಾರು 147. ಇವುಗಳ ಮೂಲನಾದವನ್ನು ಬಿಟ್ಟು ಮೇಲಿನ ಅನುರಣನಗಳನ್ನಷ್ಟೇ ಫೋನ್ ಕೇಳಿಸುವುದರಿಂದ, ಕೆಳಗಿಳಿದಾಗ ಆತುಕೊಳ್ಳಲು ನೆಲವೇ ಇಲ್ಲದಂತಾಗುತ್ತದೆ. ಶಿಕ್ಷಕಿಯ ಮನೆಯಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಇದೆ. ಈ ಉಪಕರಣ 1970ರ ದಶಕದ ಕೊನೆಯಲ್ಲಿ ರೂಪುಗೊಂಡದ್ದು ನಮ್ಮ ಬೆಂಗಳೂರಿನಲ್ಲಿಯೇ ಎಂಬುದನ್ನು ಹೊಸಬರಿಗೆ ಅವರು ಹೆಮ್ಮೆಯಿಂದ ಹೇಳುತ್ತಾರೆ. ನಾನು ಹೊಸದನ್ನು ಕೊಳ್ಳಲಿಲ್ಲ. ಮಗನ ಪುಟ್ಟ ಸ್ಪೀಕರನ್ನು ಫೋನಿಗೆ ಜೋಡಿಸಿಕೊಂಡೆ, ಅಷ್ಟರಲ್ಲೇ ವ್ಯತ್ಯಾಸ ತಿಳಿಯಿತು.

ಇಷ್ಟೇ ಆಗಿದ್ದರೆ ಇದನ್ನು ಒಳ್ಳೆಯ ತರಗತಿಯೆಂದು ಹೇಳಿ ಮುಗಿಸುತ್ತಿದ್ದೆ. ನನ್ನ ಮಟ್ಟಿಗೆ 1,800 ರೂಪಾಯಿಯ ಬಹುಪಾಲು ಸಂದಿರುವುದು ಉಳಿದ ಹೊತ್ತಿನ ಬಗ್ಗೆ ಇವರು ಕಲಿಸಿದ್ದಕ್ಕೆ. ಹಾಡುವ ಧ್ವನಿಯನ್ನು ಕೆಡಿಸುತ್ತಿದ್ದುದು ಸಾಧನೆಯ ಕೊರತೆಗಿಂತ ಹೆಚ್ಚಾಗಿ ನನ್ನ ಕೌಂಟರಿನ ಮಾತು ಎಂಬುದನ್ನು ಅವರು ಎರಡನೇ ವಾರವೇ ತೋರಿಸಿಕೊಟ್ಟರು. ಗಾಜಿನ ಆಚೆಗೆ ಕೇಳಿಸಲೆಂದು ನಾನು ಧ್ವನಿಯನ್ನು ನನ್ನ ಸಹಜ ಮಾತಿಗಿಂತ ನಾಲ್ಕೈದು ಸ್ವರ ಮೇಲಕ್ಕೆತ್ತಿ, ಗಂಟಲನ್ನು ಬಿಗಿಹಿಡಿದು ಮಾತನಾಡುತ್ತಿದ್ದೆ. ಪ್ರತಿ ಗ್ರಾಹಕರಿಗೂ ಮೊದಲು ಒಮ್ಮೆ ಕ್ಯಾಕರಿಸುತ್ತಿದ್ದೆ. ಹಾಗೆ ಕ್ಯಾಕರಿಸಿದಾಗಲೆಲ್ಲ ಧ್ವನಿತಂತುಗಳು ಒಂದಕ್ಕೊಂದು ಜೋರಾಗಿ ಬಡಿಯುತ್ತವೆ. ಅದರ ಬದಲು ಒಂದು ಗುಟುಕು ನೀರು ಕುಡಿದು ನುಂಗಬೇಕು. ಗಂಟಲು ಸೋತಾಗ ಪಿಸುಮಾತು ಆಡಿದರೆ ವಿಶ್ರಾಂತಿ ಸಿಗುತ್ತದೆಂಬ ನನ್ನ ನಂಬಿಕೆಯೂ ತಪ್ಪಾಗಿತ್ತು; ಪಿಸುಮಾತಿನಲ್ಲಿ ಅನೇಕರ ಗಂಟಲು ಇನ್ನಷ್ಟು ಬಿಗಿಯುತ್ತದೆ, ಸುಮ್ಮನಿರುವುದೇ ವಿಶ್ರಾಂತಿ. ಮೆಣಸಿನ ಕಷಾಯ, ಕಲ್ಲುಸಕ್ಕರೆ, ಜೇಷ್ಠಮಧುಗಳ ಬಗ್ಗೆ ಅವರಿಗೆ ವಿರೋಧವಿಲ್ಲ, ಆದರೆ ಭ್ರಮೆಯೂ ಇಲ್ಲ: ಕುಡಿದದ್ದು ಅನ್ನನಾಳಕ್ಕೆ ಹೋಗುತ್ತದೆಯೇ ಹೊರತು ಧ್ವನಿತಂತುಗಳನ್ನು ಮುಟ್ಟುವುದಿಲ್ಲ, ದಿನವಿಡೀ ಕುಡಿದ ನೀರು ದೇಹದ ಮೂಲಕವೇ ಅವುಗಳಿಗೆ ತೇವ ಒದಗಿಸಬೇಕು. ನೇರವಾಗಿ ಅಲ್ಲಿಗೆ ತಲುಪುವುದು ಉಸಿರಿನೊಂದಿಗೆ ಎಳೆದುಕೊಂಡ ಹಬೆ ಮಾತ್ರ. ಅವರ ಒತ್ತಾಯಕ್ಕೆ ನಾನು ಶಾಖೆಯ ವ್ಯವಸ್ಥಾಪಕರಿಗೆ ಅರ್ಜಿ ಬರೆದು ಕೌಂಟರಿಗೆ ಮೈಕ್ ಹಾಕಿಸಿಕೊಂಡೆ. ಸಂಗೀತದ ಪಾಠವೊಂದು ಬ್ಯಾಂಕಿಗೆ ಅರ್ಜಿ ಬರೆಯಿಸಿದ್ದನ್ನು ಮನೆಯವರು ಇನ್ನೂ ಹೇಳಿಕೊಂಡು ನಗುತ್ತಾರೆ. ಮಧ್ಯಾಹ್ನ ಊಟದ ಮೇಲೆ ಎರಡು ನಿಮಿಷ ಸ್ಟ್ರಾದೊಳಗೆ ‘ಊ’ ಎಂದು ಮೆಲ್ಲಗೆ ಗುನುಗುವ ಅಭ್ಯಾಸವನ್ನೂ ಕೊಟ್ಟಿದ್ದಾರೆ. ತುಟಿಯ ಬಳಿ ಗಾಳಿಗೆ ಸ್ವಲ್ಪ ತಡೆ ಉಂಟಾದಾಗ ಧ್ವನಿತಂತುಗಳ ಮೇಲಿನ ಒತ್ತಡ ಹಗುರಾಗುತ್ತದೆ. ಸಂಜೆಯ ಹೊತ್ತಿಗೆ ನನ್ನ ಧ್ವನಿ ಒರಟಾಗುತ್ತಿದ್ದುದು ಮೂರನೇ ತಿಂಗಳಲ್ಲಿ ಬಹುಮಟ್ಟಿಗೆ ನಿಂತಿತು.

ನ್ಯಾಷನಲ್ ಕಾಲೇಜು ನಿಲ್ದಾಣದಿಂದ ಪೀಣ್ಯಕ್ಕೆ ಮೆಟ್ರೊದಲ್ಲಿ ಅರ್ಧ ಗಂಟೆಯ ಹಾದಿ. ಈ ಸಮಯವನ್ನು ಸಾಧನೆಗೆ ಬಳಸಬಹುದೇ ಎಂದು ಕೇಳಿದಾಗ ಧ್ವನಿ ತೆಗೆಯಬಾರದೆಂಬ ಷರತ್ತಿನೊಂದಿಗೆ ಒಪ್ಪಿದರು. ಸದ್ದಿನ ನಡುವೆ ಯಾರೇ ಆದರೂ ಅರಿವಿಲ್ಲದೆ ಧ್ವನಿ ಏರಿಸುತ್ತಾರೆ. ನಾನು ಒಂದೆರಡು ದಿನ ಗುನುಗಿ ನೋಡಿದೆ, ರೈಲು ಮೆಜೆಸ್ಟಿಕ್ ತಲುಪುವಷ್ಟರಲ್ಲಿ ನನ್ನ ಐದು ಮನೆ ಐದೂವರೆಯಾಗಿತ್ತು. ಈಗ ಬ್ಯಾಗಿನ ಮರೆಯಲ್ಲಿ ಬೆರಳು ಮಡಚಿ ಆದಿತಾಳ ಹಾಕುತ್ತಾ, ಜಂಟಿ ವರಸೆಗಳನ್ನೂ ಅಲಂಕಾರಗಳೆಂಬ ತಾಳದ ಪಾಠಗಳನ್ನೂ ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ. ಸ್ವರಗಳ ಬಾಯಿಪಾಠ ಮೆಟ್ರೊದಲ್ಲಿ ಮುಗಿಯುವುದರಿಂದ ಬೆಳಗಿನ ಹದಿನೆಂಟು ನಿಮಿಷ ಪೂರ್ತಿಯಾಗಿ ಕಂಠಕ್ಕೇ ಸಿಗುತ್ತದೆ.

ಪಾಠ ಹೇಳುವ ರೀತಿಯ ಬಗ್ಗೆ ಒಂದು ಮಾತು. ಹೊಗಳಿಕೆ ಇವರಿಂದ ಸಿಗುವುದು ಕಷ್ಟ. “ಇರಲಿ, ಮುಂದಕ್ಕೆ ಹೋಗಿ” ಎಂದರೆ ಚೆನ್ನಾಗಿದೆ ಎಂದರ್ಥವೆಂದು ಹಳಬರು ಹೇಳಿಕೊಟ್ಟ ಮೇಲೆಯೇ ನನಗೆ ಗೊತ್ತಾದದ್ದು. ಆದರೆ ದೊಡ್ಡವರ ಹೆಸರು ಹೇಳಿ ನಮ್ಮನ್ನು ಹೆದರಿಸುವ ಚಾಳಿ ಇವರಿಗಿಲ್ಲ. ಗಂಗೂಬಾಯಿ ಹಾನಗಲ್ ಅವರು (1913–2009) ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ಗುರು ಸವಾಯಿ ಗಂಧರ್ವರಲ್ಲಿ ಹಿಂದೂಸ್ತಾನಿ ಗಾಯನ ಕಲಿತ ಸಂಗತಿಯನ್ನು ಒಮ್ಮೆ ನಾನೇ ಎತ್ತಿ, ನಮ್ಮಂಥವರ ಮೆಟ್ರೊ ಪ್ರಯಾಣವನ್ನು ಅದಕ್ಕೆ ಹೋಲಿಸಿದಾಗ, ಅವರು ನಕ್ಕು, “ಅವರು ಪಾಠಕ್ಕೆ ರೈಲು ಹತ್ತಿದರು, ನೀವು ಸಂಬಳಕ್ಕೆ ಹತ್ತುತ್ತೀರಿ, ಎರಡನ್ನೂ ಕಲಸಬೇಡಿ” ಎಂದರು. ಮಾತು ಸ್ವಲ್ಪ ಖಾರವಾಗಿತ್ತು, ಸರಿಯಾಗಿಯೂ ಇತ್ತು.

ಫಲವೇನು ಎಂದು ಕೇಳುವವರಿಗೆ ನನ್ನ ಡೈರಿಯ ಲೆಕ್ಕ ಹೀಗಿದೆ. ಸೇರಿದಾಗ ಷಡ್ಜದಲ್ಲಿ ಅಲುಗದೆ ನಿಲ್ಲಲಾಗುತ್ತಿದ್ದುದು 9 ಸೆಕೆಂಡು, ಈಗ 17. ಕೆಳಗಿನ ಪಂಚಮ ಆಗ ಬರೀ ಗಾಳಿಯಾಗಿತ್ತು. ಐದನೇ ತಿಂಗಳ ಕೊನೆಯ ಒಂದು ಬೆಳಿಗ್ಗೆ ಅದು ಎದೆಯಲ್ಲಿ ನಡುಗಿತು, ಗೋಡೆಗೆ ಒರಗಿಸಿಟ್ಟ ಅಕ್ಕಿ ಡಬ್ಬಿಯ ಮುಚ್ಚಳವೂ ಜುಮ್ಮೆಂದಿತು. ಮೇಲಿನ ಸ್ಥಾಯಿಯಲ್ಲಿ ಗಾಂಧಾರದವರೆಗೆ ಕಿರುಚದೆ ಹೋಗಬಲ್ಲೆ, ಅದರಾಚೆ ಇನ್ನೂ ಬಾಗಿಲು ಮುಚ್ಚಿದೆ. ಇದನ್ನೆಲ್ಲ ತರಗತಿಯ ಪವಾಡವೆಂದು ಹೇಳಲಾರೆ. 11 ತಿಂಗಳಲ್ಲಿ ಸಾಧನೆ ತಪ್ಪಿದ ದಿನಗಳು 52 ಎಂದೂ ಅದೇ ಡೈರಿಯಲ್ಲಿದೆ.

ಕೊರತೆಗಳೂ ಇವೆ. ಬರಲಾಗದ ದಿನ ಆನ್‌ಲೈನ್‌ನಲ್ಲಿ ಪಾಠ ಎಂಬ ವ್ಯವಸ್ಥೆ ಹೆಸರಿಗೆ ಮಾತ್ರ ಇದೆ. ವೀಡಿಯೊ ಕರೆಯಲ್ಲಿ ಸದ್ದು ತಲುಪಲು ತಡವಾಗುವುದರಿಂದ ಇಬ್ಬರು ಒಟ್ಟಿಗೆ ಹಾಡುವುದು ಸಾಧ್ಯವೇ ಇಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಹಿನ್ನೆಲೆಯ ಗದ್ದಲವನ್ನು ಅಳಿಸುವ ತಂತ್ರ ತಂಬೂರಿಯ ನಾದವನ್ನೂ ಗದ್ದಲವೆಂದು ತಿಳಿದು ನುಂಗಿಹಾಕುತ್ತದೆ. ಮೂಲ ಧ್ವನಿಯನ್ನು ಹಾಗೆಯೇ ಬಿಡುವ ಆಯ್ಕೆ ಅದರ ಸೆಟ್ಟಿಂಗ್ಸ್‌ನಲ್ಲೇ ಇರುತ್ತದೆ. ನಾನು ಎರಡು ಬಾರಿ ತೋರಿಸಿಕೊಟ್ಟರೂ ಶಿಕ್ಷಕಿ ಅದನ್ನು ಮುಟ್ಟಲು ಒಪ್ಪಲಿಲ್ಲ. ಪಾಠವನ್ನು ಧ್ವನಿಮುದ್ರಿಸಿಕೊಳ್ಳಲು ಕೊನೆಯ ಐದು ನಿಮಿಷಕ್ಕೆ ಮಾತ್ರ ಅನುಮತಿ. ಧ್ವನಿಮುದ್ರಣ ಇದ್ದರೆ ಕೇಳುವುದನ್ನು ಮುಂದೂಡುತ್ತೀರಿ ಎಂಬುದು ಅವರ ವಾದ. ಮನೆಗೆ ಬಂದು ಗಮಕ ಮರೆತು ಕೂರುವ ನಮಗೆ ಅದರಿಂದ ಸಮಾಧಾನವಿಲ್ಲ. ಹಣಕಾಸು ವರ್ಷದ ಕೊನೆಯೆಂದು ಮಾರ್ಚ್‌ನಲ್ಲಿ ನಾನು ಐದು ಪಾಠ ತಪ್ಪಿಸಿದೆ. ಶುಲ್ಕದಲ್ಲಿ ಒಂದು ರೂಪಾಯಿಯನ್ನೂ ಮುಂದಿನ ತಿಂಗಳಿಗೆ ಹಾಕಿಕೊಳ್ಳಲಿಲ್ಲ, ಬದಲಿ ಪಾಠವೂ ಸಿಗಲಿಲ್ಲ. ಕೆಲಸಕ್ಕೆ ಹೋಗುವವರಿಗೆಂದೇ ನಡೆಸುವ ತರಗತಿ ಇಷ್ಟನ್ನು ಮೊದಲೇ ಯೋಚಿಸಿರಬೇಕಿತ್ತು. ಸಂಗೀತದ ಜೂನಿಯರ್, ಸೀನಿಯರ್ ಪರೀಕ್ಷೆಗಳಿಗೆ ಇಲ್ಲಿ ತಯಾರಿ ಮಾಡಿಸುವುದಿಲ್ಲ. ಪ್ರಮಾಣಪತ್ರ ಬೇಕಾದವರು ಬೇರೆ ಕಡೆ ನೋಡಿಕೊಳ್ಳಬೇಕು. ಲಿಫ್ಟ್ ಇಲ್ಲ, ಮೊಣಕಾಲು ನೋವಿರುವವರಿಗೆ ಆ ಮೆಟ್ಟಿಲುಗಳು ಕಷ್ಟ.

ಆರು ತಿಂಗಳಲ್ಲಿ ವೇದಿಕೆಯಲ್ಲಿ ಒಂದು ಕೀರ್ತನೆ ಹಾಡಬೇಕೆಂಬ ಆತುರ ಇರುವವರಿಗೆ, ಹಾಗೂ ಬೆಳಿಗ್ಗೆ ಆರಕ್ಕೇ ಶಿಫ್ಟ್ ಶುರುವಾಗುವವರಿಗೆ ಈ ಜಾಗ ಹೊಂದುವುದಿಲ್ಲ. ದಿನವಿಡೀ ಮಾತನಾಡಿ ಸಂಬಳ ತರುವ ಶಿಕ್ಷಕರು, ಕಂಡಕ್ಟರುಗಳು, ಕಾಲ್ ಸೆಂಟರಿನವರು, ನನ್ನಂಥ ಕೌಂಟರಿನವರು ಎಲ್ಲಿಯೇ ಸೇರಲಿ, ಸೇರುವ ದಿನ ನಿಮ್ಮ ಉದ್ಯೋಗದ ಬಗ್ಗೆ ಶಿಕ್ಷಕರು ಏನನ್ನೂ ಕೇಳದಿದ್ದರೆ ಇನ್ನೊಂದು ಬಾಗಿಲು ತಟ್ಟುವುದು ಮೇಲೆಂದು ನನ್ನ ಅಭಿಪ್ರಾಯ. ಬದಲಿ ಪಾಠದ ವಿಷಯದಲ್ಲಿ ಒಂದು ನಕ್ಷತ್ರ ಕಳೆದು, ಐದಕ್ಕೆ ನಾಲ್ಕು ಕೊಡುತ್ತೇನೆ. ನಮ್ಮ ತಂಡದಲ್ಲಿ ತೆರವಾಗಿದ್ದ ಜಾಗಕ್ಕೆಂದು ಶಾಖೆಯ ಸಾಲ ವಿಭಾಗದ ಸಹೋದ್ಯೋಗಿಯನ್ನು ಕಳೆದ ವಾರ ಕರೆದುಕೊಂಡು ಹೋಗಿದ್ದೆ. ಒಂದರಿಂದ ಇಪ್ಪತ್ತು ಎಣಿಸಿದ ಮೇಲೆ ಅವರ ಶ್ರುತಿ ನಾಲ್ಕೂವರೆ ಎಂದು ತೀರ್ಮಾನವಾಗಿ ಅವರು ಬುಧವಾರದ ತಂಡಕ್ಕೆ ಹೋದರು. ಐದು ಮನೆಯವರ ಜಾಗ ಇನ್ನೂ ಖಾಲಿಯಿದೆ.